ಹೆಸರು ಹೇಳು

ಮನೆಯಿಲ್ಲದವರ ಆಶ್ರಯ ಕೇಂದ್ರದ ತಪಾಸಣೆಗೆ ಬಂದ ಅಧಿಕಾರಿ ಹಾಸಿಗೆಗಳನ್ನು ಒತ್ತಿ ನೋಡಿದ. ಬಚ್ಚಲಿನ ಚಿಲಕ ಹಾಕಿ ತೆಗೆದ. ಕುಡಿಯುವ ನೀರಿನ ರುಚಿಯನ್ನೂ ನೋಡಿದ. ಎಲ್ಲವೂ ಹೊಸ ಕಾನೂನಿನ ಪ್ರಕಾರವೇ ಇತ್ತು. ಇನ್ನು ಇಲ್ಲಿರುವವರಲ್ಲಿ ಒಬ್ಬರನ್ನು ವಿಚಾರಿಸಬೇಕು ಎಂದ.

ಮೇಲ್ವಿಚಾರಕಿ ಕಿಟಕಿಯ ಬಳಿ ಕುಳಿತಿದ್ದ ಮುದುಕರನ್ನು ಕರೆದರು. "ಬೋರಲಿಂಗಯ್ಯನೋರೇ, ಸಾಹೇಬ್ರು ಮಾತಾಡ್ಬೇಕಂತೆ. ಸ್ವಲ್ಪ ಬರ್ತೀರಾ?"

"ಬಾರಯ್ಯ, ಕೂತ್ಕೋ," ಎಂದ ಅಧಿಕಾರಿ. "ಹೊಟ್ಟೆ ತುಂಬ ಊಟ ಹಾಕ್ತಾರಾ ನಿಂಗೆ?"

"ಹಾಕ್ತಾರೆ ಸಾರ್."

"ಹೊರಗೆ ಹಾಕ್ತೀವಿ ಅಂತ ಹೆದರಿಸ್ತಾರಾ?"

"ಇಲ್ಲ ಸಾರ್."

"ಇಲ್ಲಿರೋರನ್ನ ಯಾರೂ ಏಕವಚನದಲ್ಲಿ ಮಾತಾಡಿಸೋ ಹಾಗಿಲ್ಲ, ಗೊತ್ತೇನೋ? ಕಾನೂನಿಗೆ ಆ ಮಾತು ಸೇರಿಸಿದ್ದೇ ನಾನು. ನಿನ್ನನ್ನ ಹಾಗೆ ಮಾತಾಡಿಸಿದೋರು ಯಾರಾದ್ರೂ ಇದಾರಾ?"

ಮುದುಕರು ತಲೆ ತಗ್ಗಿಸಿದರು. ಮೇಲ್ವಿಚಾರಕಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

"ಹೆದರ್ಬೇಡ್ವೋ. ಹೆಸರು ಹೇಳು, ಇವತ್ತೇ ಅವರನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತೀನಿ."

ತಪ್ಪು ತಮ್ಮದೇ ಎಂಬಂತೆ ಮುದುಕರು ಸಣ್ಣ ದನಿಯಲ್ಲಿ ಹೇಳಿದರು:

"ನಿಮ್ಮ ಹೆಸರು ನಂಗೊತ್ತಿಲ್ಲ ಸಾರ್."