ಎಂಜಿನ್ ಐದನೆಯದಾಗಿ ತೋರಿಸಿದ ನಡೆ

ಏಳನೆಯ ನಡೆಗೆ ಝೆಬಿನಿಸೊ ತನ್ನ ರಾಜನ ಕಡೆಯ ಪದಾತಿಯೊಂದನ್ನು ಎರಡು ಮನೆ ಮುಂದಕ್ಕೆ ನೂಕಿ, ಗಡಿಯಾರ ಒತ್ತಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಆ ಪದಾತಿಗೆ ಯಾವ ಕಾವಲೂ ಇರಲಿಲ್ಲ. ಎದುರಿನ ಕುದುರೆ ಒಂದೇ ನೆಗೆತಕ್ಕೆ ಅದನ್ನು ತಿನ್ನಬಹುದಿತ್ತು. ಪಕ್ಕದ ಮೇಜಿನವರು ತಮ್ಮ ಆಟ ಮರೆತು ಇತ್ತ ಕತ್ತು ಚಾಚಿದರು.

ಎದುರಿಗೆ ಕೂತಿದ್ದವರು ಹಮ್ದಮ್ ಉಸ್ತಾದ್. ಕೋಕಂದ್ ಊರಿನ ಅರ್ಧ ಜನಕ್ಕೆ ಚದುರಂಗ ಕಲಿಸಿದವರು. ಝೆಬಿಗೂ ಅವರೇ ಗುರು. ಅವರನ್ನು ಸೋಲಿಸುವುದು ಹಾಗಿರಲಿ, ಕೆಣಕುವುದೇ ಕಷ್ಟ. ಪುಕ್ಕಟೆ ಸಿಕ್ಕಿದ್ದನ್ನು ಮುಟ್ಟುವವರಲ್ಲ, ಅವಸರ ಮಾಡುವವರೂ ಅಲ್ಲ. ಕಾಯಿಗಳನ್ನು ಒಂದಕ್ಕೊಂದು ಆಸರೆಯಾಗಿ ನಿಲ್ಲಿಸಿ, ಹಸಿರು ಚಹಾ ಹೀರುತ್ತಾ, ಎದುರಾಳಿಯೇ ಬೇಸತ್ತು ‘ಸಮ ಮಾಡ್ಕೊಳ್ಳೋಣ್ವಾ’ ಎನ್ನುವ ತನಕ ಕಾಯುತ್ತಾರೆ. ಇವತ್ತೂ ಆಟ ಸಮವಾದರೆ ಸಾಕು, ತಾಷ್ಕೆಂಟಿನ ಪಂದ್ಯಾವಳಿಗೆ ಊರಿನ ಪರವಾಗಿ ಹೋಗುವವರು ಅವರೇ. ಝೆಬಿ ಹೋಗಬೇಕೆಂದರೆ ಗೆಲ್ಲಲೇಬೇಕು. ಮದುವೆಯಾದ ಮೇಲೆ ಅವಳು ಆಟಕ್ಕೆಂದು ಊರು ದಾಟಿದ್ದೇ ಇಲ್ಲ.

ಅದಕ್ಕೇ ವಸಂತವಿಡೀ ಅವಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಚೆಸ್ ಎಂಜಿನ್ ಎದುರು ಕೂತಿದ್ದಳು. ಯಾವ ಘಟ್ಟದ ಆಟ ಕೊಟ್ಟರೂ ಅದು ಮುಂದಿನ ನಡೆಗಳನ್ನು ಒಂದರ ಕೆಳಗೊಂದು ತೋರಿಸಿ, ಪ್ರತಿಯೊಂದಕ್ಕೂ ಅಂಕ ಹಾಕುತ್ತಿತ್ತು. ಒಂದು ದಿನ ಪಲಾವಿಗೆ ಗಜ್ಜರಿ ಹೆಚ್ಚುತ್ತಿದ್ದ ಗಂಡ ಒದಿಲ್ ಬಗ್ಗಿ ಇಣುಕಿದ್ದ.

“ಮೊದಲನೇದು ಬಿಟ್ಟು ಐದನೇದನ್ನ ಯಾಕೆ ಒತ್ತುತ್ತೀಯ? ಅದಕ್ಕೆ ಅಂಕ ಕಮ್ಮಿ ಇದೆಯಲ್ಲ.”

“ಮೊದಲನೇದು ಎಲ್ಲಕ್ಕಿಂತ ಒಳ್ಳೇದು. ಅದರ ಉತ್ತರ ಉಸ್ತಾದರಿಗೆ ನಿದ್ದೇಲೂ ಬರುತ್ತೆ. ಇದು ತೀರಾ ಕೆಟ್ಟದ್ದೇನಲ್ಲ, ಒಂಚೂರು ಕಮ್ಮಿ ಅಷ್ಟೆ. ಆದ್ರೆ ಈ ಪದಾತಿನ ತಿಂದ್ರು ಅಂತಿಟ್ಕೋ, ಆಮೇಲೆ ಪ್ರತಿ ಸಲ ಅವರಿಗಿರೋದು ಒಂದೇ ಒಂದು ಸರಿಯಾದ ನಡೆ. ಎಲ್ಲಿ ತಪ್ಪಿದ್ರೂ ಮುಗೀತು.”

“ತಿನ್ನದೆ ಹೋದ್ರೆ?”

“ನಾನು ಪೆದ್ದಿ ಆಗ್ತೀನಿ.”

ಒದಿಲ್ ಚಾಕು ಹಿಡಿದೇ ನಕ್ಕಿದ್ದ. “ಹಮ್ದಮ್ ಉಸ್ತಾದ್ ತಿನ್ನೋದಾ! ಮದುವೆ ಊಟದಲ್ಲೇ ನಾಲ್ಕು ಜನ ಬಲವಂತ ಮಾಡದೆ ಅವರು ತಟ್ಟೆಗೆ ಕೈ ಹಾಕಲ್ಲ.”

ಈಗ ಉಸ್ತಾದ್ ಆ ಪದಾತಿಯನ್ನೇ ನೋಡುತ್ತಿದ್ದರು. ಬಟ್ಟಲಿನ ಚಹಾ ಆರಿತು. ಮೀಸೆ ಸವರಿಕೊಂಡರು. ಕೊನೆಗೆ, ಪಕ್ಕದ ಮೇಜಿನವನ ಬಾಯಿಂದ ‘ಅಯ್ಯೋ’ ಹೊರಡುವ ಹಾಗೆ, ಕುದುರೆಯನ್ನೆತ್ತಿ ಪದಾತಿಯನ್ನು ತಿಂದುಬಿಟ್ಟರು.

ಝೆಬಿ ಆನೆಯನ್ನು ತೆರವಾದ ಸಾಲಿಗೆ ತಂದಳು. ಉಸ್ತಾದ್ ಇದ್ದ ಒಂದೇ ಸರಿಯಾದ ಉತ್ತರ ಕೊಟ್ಟರು. ಮಂತ್ರಿಯನ್ನು ನುಗ್ಗಿಸಿದಳು. ಅದಕ್ಕೂ ಒಂದೇ ಉತ್ತರವಿತ್ತು. ಅದನ್ನೂ ಕೊಟ್ಟರು, ಅದೂ ಥಟ್ಟನೆ. ಮತ್ತೆರಡು ನಡೆ ಹೀಗೇ ಆದ ಮೇಲೆ ಅವಳಿಗೆ ಖಾತ್ರಿಯಾಯಿತು. ಇವರಿಗೆ ದಾರಿ ಗೊತ್ತಿದೆ! ಆ ದಾರಿಯ ಕೊನೆಯೂ ಅವಳಿಗೆ ಗೊತ್ತು. ಇಲ್ಲಿಂದ ಮಂತ್ರಿಯಿಂದ ಮತ್ತೆ ಮತ್ತೆ ಚೆಕ್ ಕೊಡುತ್ತಾ ಹೋಗುವುದು, ಆಟ ಸಮ. ಎಂಜಿನ್ ಹೇಳಿದ್ದು ಅಷ್ಟೇ.

ಮಂತ್ರಿಯ ಹತ್ತಿರ ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಚೆಕ್ ಕೊಡದಿದ್ದರೆ ಏನಾದೀತು? ಆಗ ಕಣ್ಣಿಗೆ ಬಿದ್ದದ್ದು ತನ್ನದೇ ಒಂಟೆ. ಇಷ್ಟು ಹೊತ್ತೂ ಅದು ಇನ್ನೊಂದು ಆನೆಯ ದಾರಿಗೆ ಅಡ್ಡ ನಿಂತಿತ್ತು. ಮುಂದಿನದೆಲ್ಲ ಲೆಕ್ಕ ಹಾಕಲು ಹೋದಳು, ತಲೆ ಗಿರ್ರೆಂದಿತು, ಲೆಕ್ಕ ಕೈಬಿಟ್ಟಳು. ಒಂಟೆಯನ್ನು ಒಂದೇ ಒಂದು ಮನೆ ಹಿಂದಕ್ಕೆ ಸರಿಸಿದಳು.

ಉಸ್ತಾದ್ ಮೊದಲ ಬಾರಿಗೆ ಹಲಗೆಯಿಂದ ತಲೆಯೆತ್ತಿ ಅವಳ ಮುಖ ನೋಡಿದರು. ಆಮೇಲೆ ಅವರ ಗಡಿಯಾರ ಓಡಿತು, ಓಡುತ್ತಲೇ ಇತ್ತು. ಅವರು ಯೋಚಿಸಿ ಆಡಿದ ನಡೆ ತಪ್ಪಾಗಿತ್ತು. ಬಿಡುಗಡೆಯಾದ ಆನೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆಲ್ಲ ಅವರು ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿ ಕೈ ಚಾಚಿದರು.

“ಉಸ್ತಾದ್, ಇದು ನಿಮಗೆ ಮೊದಲೇ ಗೊತ್ತಿತ್ತು,” ಎಂದಳು ಝೆಬಿ. ಗೆದ್ದ ಖುಷಿಗಿಂತ ಅನುಮಾನವೇ ದೊಡ್ಡದಾಗಿತ್ತು.

“ಗೊತ್ತಿತ್ತು ಮಗಳೇ. ಯಾವತ್ತೋ ಮೊಮ್ಮಗಳ ಕಂಪ್ಯೂಟರಲ್ಲಿ ಕಂಡಿದ್ದೆ. ಪದಾತಿ ನೂಕೋ ಆ ನಡೆ ನಾನೇ ಆಡ್ಬೇಕು ಅಂತ ಎಷ್ಟು ಪಂದ್ಯಕ್ಕೆ ಬಂದಿದ್ದೀನೋ! ಕೈ ಆ ಪದಾತಿ ಹತ್ರ ಹೋಗೋದು, ಹಾಗೇ ವಾಪಸ್ ಬರೋದು.”

“ತಿನ್ನದೆ ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ. ತಾಷ್ಕೆಂಟಿಗೆ ನೀವೇ ಹೋಗ್ತಿದ್ರಿ.”

“ಹೋಗ್ತಿದ್ದೆ. ಆದ್ರೆ ತಿಂದ್ರೆ ಏನಾಗುತ್ತೆ ಅಂತ ಕಣ್ಣಾರೆ ನೋಡೋದು ಯಾವಾಗ? ಕೊನೇಲಿ ಸಮ ಆಗುತ್ತೆ ಅನ್ನೋ ಧೈರ್ಯಾನೂ ಇತ್ತು ಅನ್ನು.” ಉಸ್ತಾದ್ ಹಲಗೆಯತ್ತ ಬಾಗಿದರು. “ಅಲ್ಲ, ಆ ಒಂಟೆ ಹಿಂದಕ್ಕೆ ಬಂತಲ್ಲ, ಅದನ್ನ ಆ ಯಂತ್ರ ನನಗೆ ತೋರಿಸ್ಲೇ ಇಲ್ವಲ್ಲ?”

“ನನಗೂ ತೋರಿಸಿಲ್ಲ. ಕೂತಲ್ಲೇ ಹೊಳೀತು.”

ಉಸ್ತಾದ್ ಬಿದ್ದ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಒಂಟೆ ಸರಿಯುವುದಕ್ಕೆ ಮುಂಚೆ ಇದ್ದ ಹಾಗೆಯೇ ಜೋಡಿಸಿದರು. ಆಮೇಲೆ ಮಂಡಿಗೆ ಕೈಯೂರಿ ಎದ್ದು, ಮೇಜನ್ನು ಸುತ್ತಿಕೊಂಡು ಅವಳ ಪಕ್ಕಕ್ಕೆ ಬಂದು ನಿಂತರು.

“ಏಳು, ನೀನು ಆ ಕಡೆ ಹೋಗು. ಇಲ್ಲಿಂದ ಹೇಗೆ ಕಾಣುತ್ತೆ ಅಂತ ನಾನೂ ನೋಡ್ಬೇಕು.”