ರೈನ್ ನದಿಯಲ್ಲಿ ಉಪ್ಪಿನಂಗಡಿ ಡಬ್ಬ

"ಯಾವ ಟರ್ಮಿನಲ್?" ಎಂದು ಟ್ಯಾಕ್ಸಿಯವನು ಕೇಳಿದಾಗ ಮೋಹನದಾಸ್ ಹಿಂದೆಮುಂದೆ ನೋಡದೆ "ಎರಡು" ಎಂದುಬಿಟ್ಟ. ಪಕ್ಕದಲ್ಲಿದ್ದ ರಾಜೀವಿಯೂ ಹೌದೆಂದು ತಲೆಯಾಡಿಸಿದಳು. ದುಬೈಗೆ ಬಂದ ಲಾಗಾಯ್ತು ಗಂಡಹೆಂಡತಿ ವಿಮಾನ ಹತ್ತಿದ್ದು ಮಂಗಳೂರಿಗೆ ಮಾತ್ರ, ಅದೂ ಎರಡನೇ ಟರ್ಮಿನಲ್‌ನಿಂದ. ಇವತ್ತು ಹೊರಟಿರುವುದು ಜರ್ಮನಿಗೆ, ಅದಕ್ಕೆ ಮೂರನೇ ಟರ್ಮಿನಲ್‌ಗೆ ಹೋಗಬೇಕು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮದುವೆಯ ಬೆಳ್ಳಿಹಬ್ಬಕ್ಕೆಂದು ಮಗಳು ನಿಖಿತಾ ಕೊಟ್ಟ ಉಡುಗೊರೆ ಅದು. ರೈನ್ ನದಿಯ ಮೇಲೆ ತೇಲುತ್ತ ಸಾಗುವ ಹಡಗು, ದಡದಲ್ಲಿ ಹಳೇ ಕೋಟೆ, ಇಗರ್ಜಿ, ಊರು ಬಂದಾಗ ಇಳಿದು ಸುತ್ತಾಡಿ ಮತ್ತೆ ಹತ್ತುವುದು. "ಮಮ್ಮಿ, ಕಲೋನ್‌ನಿಂದ ಸಂಜೆ ಹೊರಡ್ತದೆ. ಶಿಪ್ ನಿಮಗೆ ವೇಟ್ ಮಾಡುದಿಲ್ಲ" ಎಂದು ಅವಳು ಹೇಳಿದ್ದೇ ಹೇಳಿದ್ದು. ದೃಷ್ಟಿ ತಾಗೀತೆಂದು ರಾಜೀವಿ ಈ ಸುದ್ದಿಯನ್ನು ತಾವಿರುವ ಅಲ್ ಬರ್ಷಾದಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಪೆಟ್ಟಿಗೆ ಕಟ್ಟುವಾಗ ಮಾತ್ರ ಕೈ ತನ್ನಷ್ಟಕ್ಕೆ ಸಾಬೂನು, ನೋವಿನೆಣ್ಣೆ, ಚಾಕಲೇಟು ತುಂಬುತ್ತಿತ್ತು. "ಅಲ್ಲಿ ಯಾರಿಗೆ ಕೊಡ್ಲಿಕ್ಕೆ ಮಾರಾಯ್ತಿ?" ಎಂದು ಗಂಡ ನಕ್ಕ ಮೇಲೆ ಎಲ್ಲ ಹೊರಗೆ ತೆಗೆದಿದ್ದಳು.

ಎರಡನೇ ಟರ್ಮಿನಲ್‌ನ ಸಾಲಿನಲ್ಲಿ ನಿಂತಾಗ ಅವಳಿಗೆ ಹಬ್ಬದ ಮನೆಗೆ ಬಂದಷ್ಟು ಖುಷಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಸುತ್ತ ತುಳು, ಬ್ಯಾರಿ, ಕೊಂಕಣಿ. ಅಷ್ಟರಲ್ಲಿ ಯಾರೋ ಕೂಗಿದರು, "ರಾಜಿಯಕ್ಕಾ!"

ಅವರ ಕಟ್ಟಡದ ಕೆಳಗಿನ ಗ್ರೋಸರಿಯ ಹಸನಬ್ಬ. ಬೆವರು ಒರೆಸಿಕೊಳ್ಳುತ್ತ ಬಂದವನ ಕೈಯಲ್ಲಿ ಹಾಲಿನ ಪುಡಿಯ ದೊಡ್ಡ ಡಬ್ಬ. ಅದರ ಮೈಮೇಲೆ ಮಾರ್ಕರಿನಲ್ಲಿ ದಪ್ಪಕ್ಷರ: ಹಸನಬ್ಬ, ಉಪ್ಪಿನಂಗಡಿ.

"ನೀವು ಸಹ ಊರಿಗಾ? ಒಂದು ಮಾತು ಹೇಳ್ಳಿಕ್ಕಿಲ್ವಾ? ಮೋಹನಣ್ಣ, ನನ್ನದು ತೂಕ ಜಾಸ್ತಿ ಆಯ್ತು. ಇದೊಂದು ನಿಮ್ಮ ಬ್ಯಾಗಲ್ಲಿ ಹಾಕಿ. ಮಂಗಳೂರಲ್ಲಿ ಇಳಿದ ಮೇಲೆ ತಗೊಳ್ತೇನೆ. ಮೊಮ್ಮಗುವಿಗೆ."

"ಅದಕ್ಕೆಂತ ಹಸನಾಕ, ಕೊಡಿ" ಎಂದ ಮೋಹನದಾಸ್. ಊರಿಗೆ ಹೋಗುವವನ ಕೈಗೆ ಪೊಟ್ಟಣ ಬಂದರೆ ಬೇಡ ಎನ್ನುವ ಗಲ್ಫಿನವನು ಇನ್ನೂ ಹುಟ್ಟಿಲ್ಲ. ರಾಜೀವಿ ಡಬ್ಬವನ್ನು ಕೈಚೀಲಕ್ಕೆ ತುರುಕಿ, ಸಾಲಿನದೊಂದು ಸೆಲ್ಫಿ ತೆಗೆದು ಮಗಳಿಗೆ ಕಳಿಸಿದಳು. ಮರುಕ್ಷಣವೇ ಫೋನು ಬಡಿದುಕೊಂಡಿತು.

"ಮಮ್ಮಿ! ಹೂ ಟೇಕ್ಸ್ ಎ ಕಾರ್ಟನ್ ಟು ಜರ್ಮನಿ? ನಿಮ್ಮ ಹಿಂದೆ ಎಲ್ಲರ ಹತ್ರ ಹಗ್ಗ ಕಟ್ಟಿದ ಬಾಕ್ಸ್ ಯಾಕೆ ಉಂಟು? ವಿಚ್ ಟರ್ಮಿನಲ್ ಈಸ್ ದಿಸ್?"

ರಾಜೀವಿ ಮೇಲಿನ ಬೋರ್ಡು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಅವನ ಮುಖ ಹುಳಿಮಜ್ಜಿಗೆ ಕುಡಿದಂತಾಗಿತ್ತು. "ಓಡಿ ಮಾರಾಯ್ರೆ!"

ಸೀರೆ ಎತ್ತಿ ಕಟ್ಟಿ ಅವಳು ಮುಂದೆ, ಟ್ರಾಲಿ ತಳ್ಳುತ್ತ ಅವನು ಹಿಂದೆ. ಟ್ಯಾಕ್ಸಿ ಹತ್ತಿ, ತಿರುವು ದಾಟಿ, ಉಸಿರು ಬಿಡುವಾಗ ರಾಜೀವಿಯ ತೊಡೆಗೆ ಏನೋ ಗಟ್ಟಿಯಾಗಿ ಒತ್ತಿತು. ಕೈಚೀಲ ಬಿಡಿಸಿದರೆ ಡಬ್ಬ!

"ಅಯ್ಯೋ ದೇವರೇ, ಹಸನಾಕನದ್ದು!"

"ತಿರುಗಿಸು ಗಾಡಿ" ಎಂದು ಡ್ರೈವರನ ಭುಜ ತಟ್ಟಿದ ಮೋಹನದಾಸ್. "ಇಷ್ಟು ವರ್ಷದಲ್ಲಿ ಒಬ್ಬರ ಪೊಟ್ಟಣ ತಪ್ಪಿಸಿದವ ಅಲ್ಲ ನಾನು."

"ತಿರುಗಿಸಿದ್ರೆ ವಿಮಾನ ಹೋಯ್ತು. ವಿಮಾನ ಹೋದ್ರೆ ಹಡಗೂ ಹೋಯ್ತು!"

"ಹಾಗಂತ ಮಗುವಿನ ಹಾಲು ಕದ್ಕೊಂಡು ಹೋಗುದಾ?"

ಡ್ರೈವರ್ ಪಾಪ, ವೇಗ ತಗ್ಗಿಸಿ ಕನ್ನಡಿಯಲ್ಲಿ ಇಬ್ಬರನ್ನೂ ನೋಡುತ್ತಿದ್ದ. ರಾಜೀವಿ ಫೋನು ಹಚ್ಚಿದಳು. "ಹಸನಾಕ, ಡಬ್ಬ ನಮ್ಮ ಹತ್ರವೇ ಉಂಟು. ನಾವು ಊರಿಗಲ್ಲ, ಜರ್ಮನಿಗೆ!"

ವಿಮಾನ ನಿಲ್ದಾಣದ ಗದ್ದಲದ ನಡುವೆ ಹಸನಬ್ಬ ಕೂಗಿದ, "ಜರ್ಮನಿಗಾ? ಮತ್ತೆ ಮಂಗಳೂರಿನ ಲೈನಲ್ಲಿ ಎಂತ ಮಾಡ್ತಿದ್ರಿ?"

"ಅಭ್ಯಾಸ!"

ಹಸನಬ್ಬನ ನಗು ಟ್ಯಾಕ್ಸಿಯೊಳಗೆಲ್ಲ ಕೇಳಿಸಿತು. "ಯಲ್ಲಾ, ಹೋಗಿ ಹೋಗಿ! ಮಗುವಿಗೆ ತಾಯಿಹಾಲು ಉಂಟು. ನಾನಂತೂ ದುಬೈ ಬಿಟ್ರೆ ಉಪ್ಪಿನಂಗಡಿ, ಉಪ್ಪಿನಂಗಡಿ ಬಿಟ್ರೆ ದುಬೈ. ಡಬ್ಬವಾದ್ರೂ ನಾಲ್ಕು ಊರು ನೋಡಿ ಬರ್ಲಿ."

ಮೂರನೇ ಟರ್ಮಿನಲ್‌ನಲ್ಲಿ ಕೌಂಟರಿನ ಹುಡುಗಿ ಬಾಗಿಲು ಹಾಕಲು ಎದ್ದು ನಿಂತಿದ್ದಳು. ಇವರಿಬ್ಬರ ಅವಸ್ಥೆ ನೋಡಿ ಮತ್ತೆ ಕುಳಿತಳು.

ಹಡಗಿನಲ್ಲಿ ಕೋಣೆಯ ಕಿಟಕಿಯ ಬಳಿ ಡಬ್ಬಕ್ಕೆ ಜಾಗ ಸಿಕ್ಕಿತು. ಊರು ಬಂದಾಗಲೆಲ್ಲ ರಾಜೀವಿ ಹಸನಬ್ಬನ ಹೆಸರನ್ನು ನದಿಯ ಕಡೆಗೆ ತಿರುಗಿಸಿ ಇಡುತ್ತಿದ್ದಳು. "ಅದಕ್ಕೂ ಕಾಣ್ಲಿ" ಎನ್ನುವಳು. ಪಕ್ಕದ ಕೋಣೆಯ ಜರ್ಮನ್ ಅಜ್ಜಿ ಮೊದಲೆರಡು ದಿನ ಕಣ್ಣರಳಿಸಿ, ಮೂರನೆಯ ದಿನ ತಾನೇ ಡಬ್ಬಕ್ಕೆ ಗುಡ್ ಮಾರ್ನಿಂಗ್ ಹೇಳತೊಡಗಿದಳು.

ಕೊಬ್ಲೆಂಝ್ ಎಂಬ ಊರಿನಲ್ಲಿ ಇನ್ನೊಂದು ನದಿ ಬಂದು ರೈನನ್ನು ಕೂಡುತ್ತದೆ. ನೋಡಿದ್ದೇ ರಾಜೀವಿ ಕಿರುಚಿದಳು, "ಇವ್ರೇ, ನೇತ್ರಾವತಿ ಕುಮಾರಧಾರಾ ಕೂಡಿದ ಹಾಗೆಯೇ! ನಮ್ಮ ಉಪ್ಪಿನಂಗಡಿಯೇ!" ಡಬ್ಬವನ್ನು ಹಡಗಿನ ಕಟಕಟೆಯ ಹತ್ತಿರ ಹಿಡಿದುಕೊಂಡು, ಹಿಂದೆ ಎರಡು ನೀರು ಒಂದಾಗುವುದು ಕಾಣುವ ಹಾಗೆ ಫೋಟೋ ತೆಗೆಸಿ ಹಸನಬ್ಬನಿಗೆ ಕಳಿಸಿದಳು.

ಉಪ್ಪಿನಂಗಡಿಯಿಂದ ಕೂಡಲೇ ಅವನ ದನಿ ಬಂತು. ಹಿಂದೆ ಮಗು ಕೇಕೆ ಹಾಕುತ್ತಿತ್ತು.

"ರಾಜಿಯಕ್ಕಾ, ಡಬ್ಬವನ್ನು ಗಟ್ಟಿ ಹಿಡ್ಕೊಳ್ಳಿ. ಊರು ಬಂತು ಅಂತ ಅಲ್ಲೇ ಇಳಿದುಬಿಟ್ಟೀತು."