ನೆರಳಿಲ್ಲದ ಮೋಡ

“ಈ ಮೋಡ ಯಾವಾಗ ಬಂತು?”

ಎಂದು ಕೇಳಿ, ಸಹಿ ಹಾಕಲು ಪೆನ್ನು ತೆಗೆದಿದ್ದ ನಕ್ಷೆಗಾರ್ತಿ ಹಾಗೆಯೇ ನಿಂತಳು. ಮೇಜಿನ ಮೇಲಿದ್ದ ಉಪಗ್ರಹ ಚಿತ್ರದಲ್ಲಿ ಹೊಳೆಯ ಎರಡೂ ದಡ ನಿಚ್ಚಳವಾಗಿದ್ದವು. ತಿರುವಿನಲ್ಲಿ ಮಾತ್ರ, ನೀರುನಾಯಿಗಳು ಮರಿ ಹಾಕುವ ಜೊಂಡಿನ ಮೇಲೆ, ಹತ್ತಿ ಉಂಡೆಯಂಥ ಒಂದು ಮೋಡ. ಮೋಡ ಮುಚ್ಚಿದ ಜಾಗಕ್ಕೆ ವರದಿಯಲ್ಲಿ ‘ಮಾಹಿತಿ ಇಲ್ಲ’ ಎಂದು ಬರೆದು ಮುಂದೆ ಹೋಗುವುದು ಆ ಕಚೇರಿಯ ಪದ್ಧತಿ. ಅಲ್ಲಿ ಜೊಂಡು ಉಳಿದಿದೆಯೇ, ಯಾರಾದರೂ ಬುಲ್ಡೋಜರ್ ಹತ್ತಿಸಿದ್ದಾರೆಯೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಯಾರಾದರೂ ಏನು ಬಂತು, ಹತ್ತಿಸಿದ್ದು ಸಾಹೇಬರ ಭಾವಮೈದುನನೇ. ಅಲ್ಲಿ ಅವನ ಹೋಟೆಲ್ ಏಳಲಿದೆ. ಕಳೆದ ವಾರ ಅವಳೇ ದಡಕ್ಕೆ ಹೋಗಿ ನೋಡಿದ್ದಳು. ಜೊಂಡು ಬುಡಸಮೇತ ಹೋಗಿತ್ತು, ಬಿಲದ ಬಾಯಿಗೆ ಮಣ್ಣು ತಳ್ಳಿದ್ದರು. ಕಿವಿ ಹರಿದ ತಾಯಿ ನೀರುನಾಯಿಯೊಂದನ್ನು ಅವಳು ವರ್ಷಗಟ್ಟಲೆ ಡ್ರೋನ್ ಚಿತ್ರಗಳಲ್ಲಿ ನೋಡುತ್ತ ಬಂದಿದ್ದಳು. ಅದು ಆ ಮಣ್ಣಿನ ಈಚೆಗಿತ್ತೋ ಆಚೆಗೋ, ಯಾರಿಗೆ ಗೊತ್ತು.

“ಈ ಚಿತ್ರ ತೆಗೆದ ದಿನವೇ ನೀನೂ ಅಲ್ಲಿ ಡ್ರೋನ್ ಹಾರಿಸಿದ್ದೆಯಲ್ಲ, ಆ ಚಿತ್ರಗಳೆಲ್ಲಿ?” ಎಂದು ಪಕ್ಕದ ಕುರ್ಚಿಯ ಡ್ರೋನಿನವನನ್ನು ಕೇಳಿದಳು.

“ಕಾರ್ಡ್ ಕೆಟ್ಟೋಯ್ತು ಅಕ್ಕ,” ಎಂದು ಅವನು ಕೀಬೋರ್ಡಿಗೆ ಉತ್ತರಿಸಿದ.

“ಕುತ್ತಿಗೆ ನೋಡ್ಕೋ, ಬಿಸಿಲಿಗೆ ಸಿಪ್ಪೆ ಎದ್ದಿದೆ. ಮೋಡದ ಕೆಳಗೆ ನಿಂತು ಸುಟ್ಕೊಂಡ್ಯಾ?”

ಅವನು ಕಾಲರ್ ಮೇಲೆಳೆದುಕೊಂಡ. ಅಷ್ಟರಲ್ಲಿ ಸಾಹೇಬರು ಚಹಾದ ಲೋಟ ಹಿಡಿದು ಒಳಗೆ ಬಂದರು.

“ಮೋಡ ಕಣಮ್ಮ, ಅದಕ್ಕೆ ನಾನೇನು ಮಾಡ್ಲಿ? ಅದೆಲ್ಲ ಮೇಲಿನವನ ಕೆಲಸ.”

“ಮೇಲಿನವನು ಮೋಡ ಇಟ್ರೆ ನೆಲದ ಮೇಲೆ ಅದರ ನೆರಳೂ ಇಡ್ತಾನೆ ಸರ್. ಇದರ ನೆರಳೆಲ್ಲಿ?”

ಸಾಹೇಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಅವರ ಮುಖ ಈಗ ಸಣ್ಣದಾಗುತ್ತದೆ ಎಂದು ಅವಳು ಕಾದಳು.

“ಹೌದಲ್ಲ!” ಎಂದು ಅವರು ಡ್ರೋನಿನವನ ಬೆನ್ನು ತಟ್ಟಿದರು. “ಏನಪ್ಪಾ ನೀನು, ಅಷ್ಟೂ ಗೊತ್ತಾಗಲ್ವಾ? ಒಂದು ನೆರಳೂ ಹಾಕ್ಬಿಡು.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಳ್ಳತನ ಹಿಡಿಯಲು ಹೋದರೆ, ಕಳ್ಳನ ತಪ್ಪು ತಿದ್ದಿಕೊಟ್ಟಂತಾಯಿತಲ್ಲ! ಅವಳ ನಕ್ಷೆ, ಅವಳು ಕಲಿತ ವಿದ್ಯೆ, ಕೊನೆಗೆ ಅವಳ ಸಿಟ್ಟು ಕೂಡ ಆ ಹೋಟೆಲಿನ ಪಾಯಕ್ಕೇ ಬಿತ್ತು.

ಹೊಸ ಹಾಳೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂತು. ಮೋಡದ ಪಕ್ಕದಲ್ಲಿ ಈಗ ತೆಳು ಬೂದು ನೆರಳು. ಬಲು ಚೆನ್ನಾಗಿ ಕೂತಿತ್ತು.

“ಬೇಗ ಮುಗಿಸಮ್ಮ. ನಿನ್ನ ಸಹಿ ಇಲ್ದೆ ಮೇಲೆ ತಗೊಳ್ಳಲ್ಲ.”

ಅವಳು ಹಾಳೆಯ ಮೇಲೆ ಬಗ್ಗಿದಳು. ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನು ಅವರ ಕೈಗಿಟ್ಟಳು. ಸಾಹೇಬರು ಕೆಳಗಿನ ಮೂಲೆ ನೋಡಿದರು, ತಿರುಗಿಸಿ ಹಿಂದೆ ನೋಡಿದರು, ಬೆಳಕಿಗೆ ಹಿಡಿದೂ ನೋಡಿದರು.

“ಎಲ್ಲಮ್ಮಾ ಸಹಿ?”

“ಅಲ್ಲೇ ಇದೆ ಸರ್,” ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು. “ಮೋಡ ಅಡ್ಡ ಬಂದಿದೆ.”